ಬಯಾಪ್ಸಿ ಗಾಜಿನ ಮೇಲಿನ ಕಂದು ಬಣ್ಣ ಮತ್ತು ಸೆಸಾರ್ ಮಿಲ್‌ಸ್ಟೈನ್ ಎಂಬ ಮನುಷ್ಯ

ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತದೆ, ಗಂಟಿಗೆ ಸೂಜಿ ತಾಗಿಸಲೇಬೇಡಿ ಎನ್ನುವ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮೊದಲಿಗೆ ಕೈಮುಗಿದ ಎಮೋಜಿ, ಕೊನೆಗೆ ಹತ್ತು ಜನಕ್ಕೆ ಕಳಿಸಿ ಎಂಬ ಸಾಲು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯ ಬಾತಿಯಲ್ಲಿ ಇರುವವರಿಗೂ ಬರುತ್ತದೆ, ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿ ಇರುವ ಅವರ ಮಕ್ಕಳಿಗೂ ಬರುತ್ತದೆ. ಎಷ್ಟೋ ಫಾರ್ವರ್ಡ್‌ಗಳನ್ನು ನೋಡಿ ನಕ್ಕು ಅಳಿಸಿ ಹಾಕಬಹುದು. ಇದನ್ನು ಹಾಗೆ ಬಿಡುವಂತಿಲ್ಲ. ಎದೆಯಲ್ಲಿ ಗಂಟು ಕಂಡ ಹೆಂಗಸೊಬ್ಬಳು ಇದನ್ನು ನಂಬಿ ಆರು ತಿಂಗಳು ಕಷಾಯ ಕುಡಿದು ಕೂತರೆ, ಆ ಆರು ತಿಂಗಳನ್ನು ಆಮೇಲೆ ಯಾವ ಆಸ್ಪತ್ರೆಯೂ ವಾಪಸ್ ಕೊಡಲಾರದು.

ಮೊದಲು ಉತ್ತರ ಹೇಳಿಬಿಡೋಣ. ಸ್ತನದ ಗಂಟಿಗೆ ಸೂಜಿ ಬಯಾಪ್ಸಿ ಮಾಡಿದ್ದರಿಂದಲೇ ರೋಗ ಹರಡಿ ಆಯಸ್ಸು ಕಡಿಮೆಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಕೆಲವು ಅಂಗಗಳ ಗಡ್ಡೆಗಳಲ್ಲಿ ಸೂಜಿ ಹೋದ ದಾರಿಯಲ್ಲಿ ಒಂದಿಷ್ಟು ಕೋಶಗಳು ಉಳಿಯುವ ಸಣ್ಣ ಸಾಧ್ಯತೆ ಇದೆ. ಅದು ವೈದ್ಯರಿಗೆ ಗೊತ್ತಿರುವ ವಿಷಯವೇ. ಎಲ್ಲಿಂದ, ಹೇಗೆ ಚುಚ್ಚಬೇಕು ಎಂಬುದನ್ನು ಅದಕ್ಕೆ ತಕ್ಕಂತೆ ನಿರ್ಧರಿಸುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2,000ಕ್ಕೂ ಹೆಚ್ಚು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳ ದಾಖಲೆ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೂಜಿ ಪರೀಕ್ಷೆ ಮಾಡಿಸಿಕೊಂಡವರ ಸ್ಥಿತಿ ಮಾಡಿಸಿಕೊಳ್ಳದವರಿಗಿಂತ ಕೆಟ್ಟದಾಗಿರಲಿಲ್ಲ, ತುಸು ಉತ್ತಮವೇ ಆಗಿತ್ತು.

ಆದರೆ ಆ ಚೂರು ಮಾಂಸ ಏಕೆ ಬೇಕೇ ಬೇಕು? ಇದನ್ನು ಹೇಳಹೊರಟರೆ ಒಬ್ಬ ಮನುಷ್ಯನ ಕಥೆ ಹೇಳಬೇಕಾಗುತ್ತದೆ. ಅವರು ಅರ್ಜೆಂಟೀನಾದವರು, ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ನಿಮ್ಮ ಬ್ಲಡ್ ಗ್ರೂಪ್ ನೋಡುವ ನೀಲಿ-ಹಳದಿ ಬಾಟಲಿಗಳಲ್ಲಿ, ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್‌ನಲ್ಲಿ, ಡೆಂಗಿ ಕಾರ್ಡಿನಲ್ಲಿ ಅವರ ಕೆಲಸ ಇದೆ. ಹೆಸರು ಸೆಸಾರ್ ಮಿಲ್‌ಸ್ಟೈನ್.

ಗಾಜಿನ ಮೇಲೆ ನಡೆಯುವುದೇನು?

ಸ್ತನದ ಬಯಾಪ್ಸಿ ರಿಪೋರ್ಟ್ ನೋಡಿದವರಿಗೆ ಮೂರು ಹೆಸರು ಕಂಡಿರುತ್ತವೆ: ಇಆರ್, ಪಿಆರ್, ಹರ್-2. ಮೂರೂ ಪ್ರೋಟೀನ್‌ಗಳು, ಮೂರರ ಕೆಲಸವೂ ಸಂಕೇತ ಹಿಡಿಯುವುದು. ಹರ್-2 ಜೀವಕೋಶದ ಹೊರಗೋಡೆಯಲ್ಲಿ ಕೂತು ಒಳಕ್ಕೆ ಬೆಳೆ, ಎರಡಾಗು ಎಂಬ ಸೂಚನೆ ದಾಟಿಸುತ್ತದೆ. ಆರೋಗ್ಯವಂತ ಕೋಶದಲ್ಲೂ ಇದು ಇರುತ್ತದೆ, ಹದದಲ್ಲಿ. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20ರಲ್ಲಿ ಇದು ವಿಪರೀತ ಹೆಚ್ಚಿರುತ್ತದೆ. ಕಾಲಿಂಗ್ ಬೆಲ್ ಒತ್ತಿದ ಬೆರಳು ತೆಗೆಯದೆ ನಿಂತ ಹಾಗೆ. ಅಂಥವರಿಗೆ ಹರ್-2 ಅನ್ನೇ ಹಿಡಿದು ಕಟ್ಟುವ ಔಷಧ ಇದೆ. ಮಿಕ್ಕವರಿಗೆ ಅದು ನಾಟುವುದಿಲ್ಲ, ದುಡ್ಡೂ ದಂಡ, ಹೃದಯಕ್ಕೆ ತೊಂದರೆಯಾಗುವ ಅಪಾಯ ಬೇರೆ.

ಹೊರಗಿನಿಂದ ಗಂಟನ್ನು ಮುಟ್ಟಿ ನೋಡಿ ಇದು ಯಾವ ಬಗೆ ಎಂದು ಯಾವ ಪರಿಣತನೂ ಹೇಳಲಾರ. ಸ್ಕ್ಯಾನ್ ಕೂಡ ಅದನ್ನು ಹೇಳುವುದಿಲ್ಲ. ಆದ್ದರಿಂದ ಚೂರು ತೆಗೆದು, ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಅಚ್ಚು ಹೊಯ್ದು, ಕೂದಲಿಗಿಂತ ಎಷ್ಟೋ ತೆಳುವಾದ ಹಾಳೆಗಳಾಗಿ ಕತ್ತರಿಸಿ ಗಾಜಿನ ಮೇಲೆ ಅಂಟಿಸುತ್ತಾರೆ. ಅದರ ಮೇಲೆ ಹರ್-2 ಅನ್ನು ಮಾತ್ರ ಗುರುತು ಹಿಡಿಯುವ ಆ್ಯಂಟಿಬಾಡಿ, ಅಂದರೆ ಪ್ರತಿಕಾಯ, ಹಾಕುತ್ತಾರೆ. ಸಾವಿರಾರು ಬಗೆಯ ಪ್ರೋಟೀನ್‌ಗಳ ಜಾತ್ರೆಯಲ್ಲಿ ಅದು ತನಗೆ ಬೇಕಾದ ಒಂದನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ತೊಳೆದರೆ ಅಂಟಿಕೊಳ್ಳದ್ದೆಲ್ಲ ಹೋಗುತ್ತದೆ. ಆಮೇಲೆ ಮೊದಲನೆಯ ಆ್ಯಂಟಿಬಾಡಿಯನ್ನು ಹಿಡಿಯುವ ಇನ್ನೊಂದು ಆ್ಯಂಟಿಬಾಡಿ, ಅದರ ಬೆನ್ನಿಗೆ ಕಟ್ಟಿದ ಕಿಣ್ವ, ಕೊನೆಗೆ ಬಣ್ಣ ತರುವ ದ್ರಾವಣ. ಹರ್-2 ಇದ್ದ ಕಡೆಯೆಲ್ಲ ಕೋಶದ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಕಂದು ಎಂಬುದರ ಮೇಲೆ 0, 1+, 2+, 3+ ಅಂಕ. 3+ ಬಂದರೆ ಪಾಸಿಟಿವ್. 2+ ಆದರೆ ಅನುಮಾನ, ಜೀನ್ ಮಟ್ಟದಲ್ಲಿ ಇನ್ನೊಂದು ಪರೀಕ್ಷೆ ಆಗಬೇಕು.

ಇಲ್ಲಿ ಒಂದು ಮಾತು. ಆ್ಯಂಟಿಬಾಡಿ ಬೇರೆ, ಆ್ಯಂಟಿಬಯಾಟಿಕ್ ಬೇರೆ. ಹೆಸರು ಅಣ್ಣತಮ್ಮಂದಿರಂತೆ ಕೇಳಿಸಿದರೂ ಸಂಬಂಧವಿಲ್ಲ. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾ ಕೊಲ್ಲುವ ಔಷಧ. ಆ್ಯಂಟಿಬಾಡಿ ನಮ್ಮ ದೇಹದಲ್ಲೇ ತಯಾರಾಗುವ, ಪರಕೀಯ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್. ಅದನ್ನು ದೇಹದ ಹೊರಗೆ, ಬಾಟಲಿಯಲ್ಲಿ, ಒಂದೇ ಬಗೆಯದಾಗಿ, ಎಷ್ಟು ಬೇಕೋ ಅಷ್ಟು ತಯಾರಿಸುವ ದಾರಿ ತೋರಿಸಿದವರಲ್ಲಿ ಮಿಲ್‌ಸ್ಟೈನ್ ಒಬ್ಬರು.

ಬಂದರು ಊರಿನ ಹುಡುಗ

ಮಿಲ್‌ಸ್ಟೈನ್ ಹುಟ್ಟಿದ್ದು 1927ರ ಅಕ್ಟೋಬರ್ 8ರಂದು, ಅರ್ಜೆಂಟೀನಾದ ಬಾಯಿಯಾ ಬ್ಲಾಂಕಾ ಎಂಬ ಬಂದರು ಊರಿನಲ್ಲಿ. ತಂದೆ ಲಾಸರೋ ಉಕ್ರೇನ್ ಕಡೆಯಿಂದ ಹುಡುಗನಾಗಿದ್ದಾಗಲೇ ಹಡಗು ಹತ್ತಿ ಬಂದ ಯಹೂದಿ ವಲಸಿಗ. ಹೊಲದಲ್ಲಿ ದುಡಿದರು, ಕೈಗೆ ಸಿಕ್ಕ ಕೆಲಸವನ್ನೆಲ್ಲ ಮಾಡಿದರು. ತಾಯಿ ಮ್ಯಾಕ್ಸಿಮಾ ಶಾಲೆಯ ಟೀಚರ್. ಮೂವರು ಗಂಡುಮಕ್ಕಳಲ್ಲಿ ಸೆಸಾರ್ ನಡುವಿನವರು. ಮೂವರೂ ಕಾಲೇಜು ಮೆಟ್ಟಿಲು ಹತ್ತಬೇಕು ಎಂಬುದು ಅಪ್ಪ-ಅಮ್ಮನ ಹಟ. ನಮ್ಮ ಕಡೆ ಹತ್ತಿ ಮಿಲ್ಲಿನಲ್ಲಿ ದುಡಿದು ಮಕ್ಕಳನ್ನು ಓದಿಸಿದ ತಲೆಮಾರಿನವರಿಗೆ ಈ ಹಟ ಹೊಸದಲ್ಲ.

ಎಂಟು ವರ್ಷದವರಿದ್ದಾಗ, ಜೀವರಸಾಯನ ಓದಿದ್ದ ಬಂಧುವೊಬ್ಬರು ಮನೆಗೆ ಬಂದವರು ಹಾವಿನ ವಿಷ ತೆಗೆದು ಅದರಿಂದಲೇ ಮದ್ದು ಮಾಡುವ ಬಗೆಯನ್ನು ಹೇಳಿದರಂತೆ. ಹುಡುಗನ ಕಣ್ಣರಳಿತು. ಇದು ಬರೀ ಚಂದದ ಬಾಲ್ಯದ ಕಥೆ ಎಂದು ದಾಟಿ ಹೋಗಬೇಡಿ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಎಂದರೇನು? ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಆ್ಯಂಟಿಬಾಡಿಗಳನ್ನು ಬಸಿದು ತೆಗೆದದ್ದು. ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವುದು ಅದನ್ನೇ.

ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದಲ್ಲಿ ಅವರೇನೂ ರ್‍ಯಾಂಕ್ ವಿದ್ಯಾರ್ಥಿ ಆಗಿರಲಿಲ್ಲ. ಪಾಠಕ್ಕಿಂತ ವಿದ್ಯಾರ್ಥಿ ಸಂಘದ ರಾಜಕೀಯವೇ ಹೆಚ್ಚು. ಆಗ ಪೆರೋನ್ ಆಡಳಿತ. ಅದನ್ನು ವಿರೋಧಿಸುವ ಗುಂಪಿನ ಮುಂದಾಳು ಇವರು. ಆ ಓಡಾಟದಲ್ಲೇ ಸೀಲಿಯಾ ಪರಿಚಯವಾದರು. 1953ರಲ್ಲಿ ಮದುವೆ. ಮದುವೆಯಾದ ಮೇಲೆ ಒಂದು ವರ್ಷ ಎಲ್ಲ ಬಿಟ್ಟು, ದಾರಿಯಲ್ಲಿ ಹೋಗುವ ವಾಹನಗಳಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡು ಗಂಡ-ಹೆಂಡತಿ ಯುರೋಪ್ ಸುತ್ತಿದರು. ನಮ್ಮ ಮನೆಗಳಲ್ಲಿ ಹೀಗೆ ಮಾಡಿದರೆ ಹಿರಿಯರು ಏನೆನ್ನುತ್ತಾರೋ, ನೀವೇ ಊಹಿಸಿ.

ವಾಪಸ್ ಬಂದು ಪಿಎಚ್‌ಡಿಗೆ ಕೂತರು. ಲ್ಯಾಬಿನಲ್ಲಿ ಹಣವಿಲ್ಲ, ಸ್ಕಾಲರ್‌ಶಿಪ್ ಇಲ್ಲ. ಇಬ್ಬರೂ ಅರ್ಧ ದಿನ ಕ್ಲಿನಿಕಲ್ ಲ್ಯಾಬ್‌ಗಳಲ್ಲಿ ಪರೀಕ್ಷೆ ಮಾಡುವ ಕೆಲಸ ಹಿಡಿದು ಸಂಸಾರ ತೂಗಿಸಿದರು. ಮುಂದೊಂದು ದಿನ ಜಗತ್ತಿನ ಎಲ್ಲ ಲ್ಯಾಬ್‌ಗಳ ಮೇಜಿನ ಮೇಲೂ ತನ್ನ ಕೈಗುಣದ ಬಾಟಲಿ ಇರುತ್ತದೆ ಎಂದು ಆ ಪಾರ್ಟ್ ಟೈಮ್ ಲ್ಯಾಬ್ ಕೆಲಸಗಾರನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

1957ರಲ್ಲಿ ಡಾಕ್ಟರೇಟ್. ಮರುವರ್ಷ ಬ್ರಿಟಿಷ್ ಕೌನ್ಸಿಲ್ ಸಹಾಯದಿಂದ ಇಂಗ್ಲೆಂಡಿನ ಕೇಂಬ್ರಿಜ್‌ಗೆ. ಅಲ್ಲಿ ಫ್ರೆಡ್ ಸ್ಯಾಂಗರ್ ಜೊತೆ ಒಡನಾಟ. ಇನ್ಸುಲಿನ್ ಪ್ರೋಟೀನಿನ ರಚನೆಯನ್ನು ಮಣಿ ಮಣಿ ಬಿಡಿಸಿ ತೋರಿಸಿ 1958ರಲ್ಲಿ ನೊಬೆಲ್ ಪಡೆದ ಸ್ಯಾಂಗರ್ ಇವರೇ. 1960ರಲ್ಲಿ ಮಿಲ್‌ಸ್ಟೈನ್‌ಗೆ ಇನ್ನೊಂದು ಡಾಕ್ಟರೇಟ್ ಸಿಕ್ಕಿತು. ಬಹಳ ಜನ ಅಲ್ಲೇ ಉಳಿದುಬಿಡುತ್ತಾರೆ. ಇವರು ಊರಿಗೆ ಹೊರಟರು.

ಸೈನ್ಯ ಬಂತು, ಲ್ಯಾಬ್ ಹೋಯಿತು

1961ರಲ್ಲಿ ಬ್ಯೂನಸ್ ಐರಿಸ್‌ನ ಮಾಲ್‌ಬ್ರಾನ್ ಸಂಸ್ಥೆಯಲ್ಲಿ ಹೊಸ ವಿಭಾಗವೊಂದರ ಮುಖ್ಯಸ್ಥರಾದರು. ದೇಶದಲ್ಲಿ ಆಧುನಿಕ ಜೀವವಿಜ್ಞಾನ ಕಟ್ಟುವ ಉತ್ಸಾಹ. ಒಂದು ವರ್ಷ ಕಳೆಯುವುದರೊಳಗೆ, 1962ರ ಮಾರ್ಚ್‌ನಲ್ಲಿ, ಸೈನ್ಯ ಅಧಿಕಾರ ಕಿತ್ತುಕೊಂಡಿತು. ಸಂಸ್ಥೆಯ ನಿರ್ದೇಶಕರನ್ನು ತೆಗೆದುಹಾಕಿದರು. ಮಿಲ್‌ಸ್ಟೈನ್ ಕೈಕೆಳಗಿನವರನ್ನೂ ಕೆಲಸದಿಂದ ಬಿಡಿಸಿದರು. ಅವರನ್ನು ಬಿಟ್ಟು ತಾನೊಬ್ಬ ಕುರ್ಚಿಯಲ್ಲಿ ಉಳಿಯುವುದು ಮಿಲ್‌ಸ್ಟೈನ್‌ಗೆ ಆಗದ ಮಾತು. ರಾಜೀನಾಮೆ ಕೊಟ್ಟು 1963ರಲ್ಲಿ ಮತ್ತೆ ಕೇಂಬ್ರಿಜ್‌ ಸೇರಿದರು. ಈ ಸಲ ಹೋದದ್ದು ವೈದ್ಯಕೀಯ ಸಂಶೋಧನಾ ಮಂಡಳಿಯ ಹೊಸ ಆಣ್ವಿಕ ಜೀವವಿಜ್ಞಾನ ಪ್ರಯೋಗಾಲಯಕ್ಕೆ, ಸ್ಯಾಂಗರ್ ವಿಭಾಗಕ್ಕೆ. ಅರ್ಜೆಂಟೀನಾ ಕಳೆದುಕೊಂಡದ್ದು ಏನನ್ನು ಎಂಬುದು ಆ ದೇಶಕ್ಕೆ ಗೊತ್ತಾಗಲು ಇಪ್ಪತ್ತೊಂದು ವರ್ಷ ಬೇಕಾಯಿತು.

ಆ್ಯಂಟಿಬಾಡಿಗಳ ಕಡೆ ಹೋಗು ಎಂದು ಸೂಚಿಸಿದವರು ಸ್ಯಾಂಗರ್. ಆ ಕಾಲಕ್ಕೆ ಅದೊಂದು ದೊಡ್ಡ ಒಗಟು. ಹುಟ್ಟಿದಂದಿನಿಂದ ಕಂಡೇ ಇಲ್ಲದ ರೋಗಾಣುವಿಗೂ, ಲ್ಯಾಬಿನಲ್ಲಿ ಮನುಷ್ಯ ಹೊಸದಾಗಿ ತಯಾರಿಸಿದ ರಾಸಾಯನಿಕಕ್ಕೂ ಸರಿಹೊಂದುವ ಆ್ಯಂಟಿಬಾಡಿಯನ್ನು ದೇಹ ತಯಾರಿಸುತ್ತದೆ. ಇಷ್ಟೊಂದು ಬಗೆ ಎಲ್ಲಿಂದ ಬರುತ್ತದೆ? ಮಿಲ್‌ಸ್ಟೈನ್‌ಗೆ ಬೇಕಾಗಿದ್ದದ್ದು ಈ ಪ್ರಶ್ನೆಗೆ ಉತ್ತರ. ಟೆಸ್ಟ್ ಕಿಟ್ ಆಗಲಿ, ಔಷಧವಾಗಲಿ, ಲಾಭವಾಗಲಿ ಅವರ ತಲೆಯಲ್ಲಿ ಇರಲಿಲ್ಲ.

ಒಂದು ಕಣ್ಣಿನ ಕಬ್ಬು

ಅದಕ್ಕೂ ಮುಂಚೆ ಲ್ಯಾಬ್‌ಗಳಿಗೆ ಆ್ಯಂಟಿಬಾಡಿ ಬೇಕಾದರೆ ಮೊಲಕ್ಕೋ ಮೇಕೆಗೋ ಕುದುರೆಗೋ ಚುಚ್ಚಿ ರಕ್ತದ ಸೀರಮ್ ತೆಗೆಯುತ್ತಿದ್ದರು. ಅದರಲ್ಲಿ ಬೇಕಾದ ಆ್ಯಂಟಿಬಾಡಿಯ ಜೊತೆ ಬೇಡವಾದದ್ದು ನೂರಾರು. ಒಂದು ಮೊಲದ್ದು ಇನ್ನೊಂದು ಮೊಲದಂತೆ ಇರುವುದಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಮೊಲ ಸತ್ತರೆ ಆ ಪರೀಕ್ಷೆಯ ಕಥೆಯೂ ಮುಗಿಯಿತು. ಹತ್ತು ಮನೆಯ ಬೀಜ ಬೆರೆಸಿ ಬಿತ್ತಿದ ಹೊಲದ ಹಾಗೆ: ಫಸಲೇನೋ ಬರುತ್ತದೆ, ಒಂದೇ ಸಮನಾಗಿ ಬರುವುದಿಲ್ಲ.

ಬೇಕಾಗಿದ್ದದ್ದು ಕಬ್ಬಿನ ಗದ್ದೆ. ಭದ್ರಾ ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವವರಿಗೆ ಗೊತ್ತು: ಒಂದು ಒಳ್ಳೆಯ ಜಲ್ಲೆಯ ತುಂಡು ನೆಟ್ಟರೆ ಅದರ ಕಣ್ಣಿನಿಂದ ಬರುವುದು ಅದೇ ಕಬ್ಬು. ಅದರ ತುಂಡು ನೆಟ್ಟರೆ ಮತ್ತೆ ಅದೇ. ತಳಿ ಕೆಡುವುದಿಲ್ಲ. ಹಾಗೆ ಒಂದೇ ಒಂದು ಕೋಶವನ್ನು ನೆಟ್ಟು, ಅದರ ಸಂತತಿಯೆಲ್ಲ ಒಂದೇ ಆ್ಯಂಟಿಬಾಡಿಯನ್ನು ಸುರಿಸುವಂತೆ ಮಾಡಲಾದೀತೇ? ತೊಂದರೆ ಏನೆಂದರೆ, ದೇಹದಿಂದ ಹೊರತೆಗೆದ ಆ್ಯಂಟಿಬಾಡಿ ಕೋಶಗಳು ಗಾಜಿನ ತಟ್ಟೆಯಲ್ಲಿ ಕೆಲವೇ ದಿನದಲ್ಲಿ ಸತ್ತುಹೋಗುತ್ತವೆ. ಇನ್ನೊಂದು ಕಡೆ ಮಯಲೋಮಾ ಎಂಬ ಕ್ಯಾನ್ಸರ್ ಕೋಶಗಳಿವೆ. ಅವಕ್ಕೆ ಸಾವೇ ಇಲ್ಲ, ಬೆಳೆಯುತ್ತಲೇ ಹೋಗುತ್ತವೆ, ಆ್ಯಂಟಿಬಾಡಿಯನ್ನೂ ತಯಾರಿಸುತ್ತವೆ. ಆದರೆ ಅದು ಏನನ್ನು ಹಿಡಿಯುವ ಆ್ಯಂಟಿಬಾಡಿ ಎಂದು ಯಾರಿಗೂ ಗೊತ್ತಿರುವುದಿಲ್ಲ.

1973ರ ಹೊತ್ತಿಗೆ ಮಿಲ್‌ಸ್ಟೈನ್ ಮತ್ತು ಡಿಕ್ ಕಾಟನ್ ಎಂಬ ಸಹೋದ್ಯೋಗಿ ಎರಡು ಮಯಲೋಮಾ ಕೋಶಗಳನ್ನು ಬೆಸೆದು ಒಂದು ಮಾಡಿದ್ದರು. 1974ರಲ್ಲಿ ಜಾರ್ಜ್ ಕೋಹ್ಲರ್ ಎಂಬ ಜರ್ಮನ್ ತರುಣ ಬಂದು ಸೇರಿದ, ವಯಸ್ಸು ಇಪ್ಪತ್ತೆಂಟು. ಒಂದು ಕಡೆಯಿಂದ ಸಾಯದ ಗುಣ, ಇನ್ನೊಂದು ಕಡೆಯಿಂದ ಬೇಕಾದ ಆ್ಯಂಟಿಬಾಡಿಯ ಗುಣ, ಎರಡನ್ನೂ ಒಂದೇ ಕೋಶದಲ್ಲಿ ತರೋಣ ಎಂಬ ಯೋಚನೆ ಈ ಜೋಡಿಯದು.

ಮಾಡಿದ್ದು ಹೀಗೆ. ಇಲಿಗೆ ಕುರಿಯ ಕೆಂಪು ರಕ್ತಕಣ ಚುಚ್ಚಿದರು. ಇಲಿಯ ಗುಲ್ಮದಲ್ಲಿ ಅದರ ವಿರುದ್ಧ ಆ್ಯಂಟಿಬಾಡಿ ತಯಾರಿಸುವ ಕೋಶಗಳು ಹುಟ್ಟಿದವು. ಅವನ್ನು ತೆಗೆದು ಮಯಲೋಮಾ ಕೋಶಗಳ ಜೊತೆ ಬೆಸೆದರು. ಈಗ ಪಾತ್ರೆಯಲ್ಲಿ ಮೂರು ಬಗೆಯವರು: ಬೆಸೆಯದೆ ಉಳಿದ ಗುಲ್ಮದ ಕೋಶಗಳು, ಅವು ತಾವಾಗಿಯೇ ಸಾಯುತ್ತವೆ, ಬೆಸೆಯದ ಮಯಲೋಮಾ ಕೋಶಗಳು, ಅವನ್ನು ಕೊಲ್ಲುವ ವಿಶೇಷ ಪೋಷಕ ದ್ರಾವಣ ಹಾಕಿದ್ದರು, ಬೆಸೆದ ಜೋಡಿಗಳು, ಉಳಿಯುವುದು ಅವು ಮಾತ್ರ. ಜರಡಿ ಹಿಡಿದಂತೆ.

ಉಳಿದವುಗಳಲ್ಲಿ ಕುರಿಯ ರಕ್ತಕಣ ಹಿಡಿಯುವ ಆ್ಯಂಟಿಬಾಡಿ ಇದೆಯೇ ಎಂದು ನೋಡುವ ದಿನ ಕೋಹ್ಲರ್ ಕಿಟಕಿಯೂ ಇಲ್ಲದ ನೆಲಮಾಳಿಗೆಗೆ ಹೆಂಡತಿಯನ್ನೂ ಕರೆದುಕೊಂಡು ಹೋದನಂತೆ. ಏನೂ ಸಿಗದೆ ಬೇಜಾರಾದರೆ ಜೊತೆಗೊಬ್ಬರು ಇರಲಿ ಎಂದು. ಕೆಂಪು ತಟ್ಟೆಯ ಮೇಲೆ ಅಲ್ಲಲ್ಲಿ ತಿಳಿ ಉಂಗುರಗಳು ಎದ್ದಿದ್ದವು. ಉಂಗುರ ಎದ್ದ ಕಡೆ ರಕ್ತಕಣ ಒಡೆದಿದೆ, ಅಂದರೆ ಅಲ್ಲಿ ಆ್ಯಂಟಿಬಾಡಿ ಇದೆ. ಒಂದಲ್ಲ, ಎಷ್ಟೋ. ಕೋಹ್ಲರ್ ಕೂಗಿದ, ಹೆಂಡತಿಗೆ ಮುತ್ತಿಟ್ಟ. ನೊಬೆಲ್ ಬಹುಮಾನದ ಕೆಲಸ ಮುಗಿದದ್ದು ಹೀಗೆ. 1975ರ ಆಗಸ್ಟ್ 7ರ ನೇಚರ್ ಪತ್ರಿಕೆಯಲ್ಲಿ ಮೂರು ಪುಟದ ಬರಹ ಬಂತು. ವೈದ್ಯಕೀಯಕ್ಕೂ ಉದ್ಯಮಕ್ಕೂ ಇದು ಉಪಯೋಗವಾದೀತು ಎಂಬ ಒಂದು ಮಾತು ಕೊನೆಯಲ್ಲಿ, ಅಷ್ಟೇ. ಹೀಗೆ ಒಂದೇ ಕೋಶದ ಸಂತತಿ ಕೊಡುವ ಆ್ಯಂಟಿಬಾಡಿಗೆ ಮಾನೋಕ್ಲೋನಲ್ ಎಂದು ಹೆಸರು. ಕ್ಯಾನ್ಸರ್ ಔಷಧಗಳ ಹೆಸರಿನ ಕೊನೆಗೆ ಬರುವ ಮ್ಯಾಬ್ ಎಂಬ ಬಾಲ ಇದರದ್ದೇ ಕಿರುರೂಪ.

ಆಮೇಲೆ ಆದದ್ದು ಸಿನಿಮಾದಂತಿಲ್ಲ. ಬರಹ ಪ್ರಕಟವಾದ ಮೇಲೆ ಅದೇ ವಿಧಾನ ಅದೇ ಲ್ಯಾಬಿನಲ್ಲಿ ಕೈಕೊಟ್ಟಿತು. ತಿಂಗಳುಗಟ್ಟಲೆ ಏನು ಮಾಡಿದರೂ ಕೋಶಗಳು ಬೆಳೆಯಲೊಲ್ಲವು. ಕೊನೆಗೆ ಪತ್ತೆಯಾದದ್ದು, ಪೋಷಕ ದ್ರಾವಣಕ್ಕೆ ಹಾಕುತ್ತಿದ್ದ ದಾಸ್ತಾನೊಂದು ವಿಷವಾಗಿತ್ತು ಎಂದು. ಜೋವಾನಿ ಗಾಲ್ಫ್ರೆ ಎಂಬ ಸಹೋದ್ಯೋಗಿ ಸೇರಿದ ಮೇಲೆ ವಿಧಾನ ಮತ್ತೆ ಹಳಿಗೆ ಬಂತು, ಮೊದಲಿಗಿಂತ ಸುಲಭವೂ ಆಯಿತು.

ಹೆಪ್ಪು ಕೊಟ್ಟವನ ಮನೆಗೇ ಮೊಸರಿನ ಬಿಲ್ಲು

ಪೇಟೆಂಟ್ ವಿಷಯದಲ್ಲಿ ಇವತ್ತಿಗೂ ಜಗಳ ಮುಗಿದಿಲ್ಲ. ಇದರಿಂದ ಉಪಯೋಗ ಆಗಬಹುದು ಎಂದು ಮಿಲ್‌ಸ್ಟೈನ್ ಕಡೆಯಿಂದ ಸಂಶೋಧನಾ ಮಂಡಳಿಗೂ, ಅಲ್ಲಿಂದ ಪೇಟೆಂಟ್ ನೋಡಿಕೊಳ್ಳುವ ಸರ್ಕಾರಿ ನಿಗಮಕ್ಕೂ ಸುದ್ದಿ ಹೋಗಿತ್ತು. ನಿಗಮದವರು 1976ರಲ್ಲಿ ಉತ್ತರ ಬರೆಯುವ ಹೊತ್ತಿಗೆ ಬರಹ ಪ್ರಕಟವಾಗಿ ವರ್ಷ ದಾಟಿತ್ತು. ಬ್ರಿಟಿಷ್ ಕಾನೂನಿನಲ್ಲಿ ಆಮೇಲೆ ಪೇಟೆಂಟ್ ಸಿಗುವುದಿಲ್ಲ. ಅದೂ ಸಾಲದು ಎಂಬಂತೆ, ಸದ್ಯಕ್ಕೆ ಇದರಿಂದ ಪ್ರಾಯೋಗಿಕ ಪ್ರಯೋಜನ ಏನೂ ಕಾಣುವುದಿಲ್ಲ ಎಂಬ ಅರ್ಥದ ಉತ್ತರ. ಇಂದು ಈ ಬಗೆಯ ಔಷಧಗಳ ವಹಿವಾಟು ಲಕ್ಷಾಂತರ ಕೋಟಿ ರೂಪಾಯಿ.

ಮಿಲ್‌ಸ್ಟೈನ್ ಏನು ಮಾಡಿದರು? ಕೇಳಿದ ಲ್ಯಾಬ್‌ಗಳಿಗೆಲ್ಲ ತಮ್ಮ ಮಯಲೋಮಾ ಕೋಶಗಳನ್ನು ಪುಕ್ಕಟೆ ಕಳಿಸಿಕೊಟ್ಟರು. ಪಕ್ಕದ ಮನೆಯವರು ಲೋಟ ಹಿಡಿದು ಬಂದರೆ ಹೆಪ್ಪು ಕೊಡುವ ಹಾಗೆ. ಅವರ ಕೋಶಗಳನ್ನು ಪಡೆದಿದ್ದ ಅಮೆರಿಕದ ವಿಸ್ಟಾರ್ ಸಂಸ್ಥೆಯ ವಿಜ್ಞಾನಿಗಳು ವೈರಸ್ ಮತ್ತು ಗಡ್ಡೆಗಳ ವಿರುದ್ಧದ ಆ್ಯಂಟಿಬಾಡಿಗಳಿಗೆ 1979-80ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಮಾಡಿಸಿಕೊಂಡರು. ಬ್ರಿಟನ್ನಿನಲ್ಲಿ ಗದ್ದಲವೆದ್ದಿತು, ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೂ ಸಿಟ್ಟು ಬಂತು. ನನ್ನ ಅಭಿಪ್ರಾಯ ಕೇಳುವುದಾದರೆ, ಬ್ರಿಟನ್ನಿಗೆ ನಷ್ಟವಾಗಿರಬಹುದು, ಜಗತ್ತಿಗೆ ಆಗಲಿಲ್ಲ. ಮೂಲ ವಿಧಾನಕ್ಕೆ ಬೀಗ ಬೀಳದೆ ಇದ್ದದ್ದರಿಂದಲೇ ಅದು ಎಲ್ಲ ದೇಶಗಳ ಲ್ಯಾಬ್‌ಗಳಿಗೆ ಅಷ್ಟು ಬೇಗ ತಲುಪಿತು.

ಹಾಗೆಂದು ಮಿಲ್‌ಸ್ಟೈನ್ ಕೈಕಟ್ಟಿ ಕೂರಲಿಲ್ಲ. ಈ ಉಪಕರಣದಿಂದ ಏನೇನು ಆಗುತ್ತದೆ ಎಂದು ತಾವೇ ಮಾಡಿ ತೋರಿಸುತ್ತಾ ಹೋದರು. ಅವರದ್ದೇ ದೇಶದ ಕ್ಲಾಡಿಯೋ ಕುಯೆಲ್ಲೋ ಜೊತೆ ಸೇರಿ 1979ರಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಪುಟ್ಟ ಅಣುವನ್ನು ಹಿಡಿಯುವ ಆ್ಯಂಟಿಬಾಡಿ ತಯಾರಿಸಿದರು. ನರಕೋಶಗಳು ನೋವಿನ ಸುದ್ದಿ ದಾಟಿಸಲು ಬಳಸುವ ಸಂಕೇತ ಅದು, ಬರೀ ಹನ್ನೊಂದು ಅಮೈನೋ ಆಮ್ಲಗಳ ಸರ. ಮೆದುಳಿನ ಹೋಳಿನ ಮೇಲೆ ಈ ಆ್ಯಂಟಿಬಾಡಿ ಹಾಕಿದರೆ ಆ ಸಂಕೇತ ಇರುವ ಜಾಗ ಕಣ್ಣಿಗೆ ಕಾಣಿಸುತ್ತದೆ. ಎಲ್ಲಿಯೂ ಕಾಣದ ಸಂಕೇತವನ್ನು ಗಾಜಿನ ಮೇಲೆ ಬಣ್ಣವಾಗಿಸುವ ಕೆಲಸ, ನಮ್ಮ ಹರ್-2 ಪರೀಕ್ಷೆಯಲ್ಲಿ ಆಗುವುದೂ ಇದೇ. ಮರುವರ್ಷ ಅವರ ಲ್ಯಾಬಿನ ಡೇವಿಡ್ ಸೆಷರ್, ಡೆರೆಕ್ ಬರ್ಕ್ ಎಂಬವರ ಜೊತೆ ಸೇರಿ ಇಂಟರ್‌ಫೆರಾನ್ ಎಂಬ ಇನ್ನೊಂದು ಸಂಕೇತ ಪ್ರೋಟೀನನ್ನು ಸೋಸಿ ತೆಗೆಯುವ ಆ್ಯಂಟಿಬಾಡಿ ಮಾಡಿದರು.

ಇನ್ನೊಂದು ಕೆಲಸ ನಿಮಗೆ ಹೆಚ್ಚು ಪರಿಚಿತ. 1980ರ ದಶಕದ ಆರಂಭದವರೆಗೆ ಬ್ಲಡ್ ಗ್ರೂಪ್ ನೋಡುವ ದ್ರವವನ್ನು ಮನುಷ್ಯರ ರಕ್ತದಿಂದಲೇ ತೆಗೆಯಬೇಕಿತ್ತು. ಕೇಂಬ್ರಿಜ್‌ನ ಅದೇ ಪ್ರಯೋಗಾಲಯದಲ್ಲಿ ಹುಟ್ಟಿದ ಕೋಶಗಳು ಆ ಪಾಡು ತಪ್ಪಿಸಿದವು. ಶಾಲೆಯ ಕ್ಯಾಂಪಿನಲ್ಲಿ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತದ ಹನಿ ಇಟ್ಟು, ನೀಲಿ ಬಾಟಲಿಯದ್ದು ಒಂದಕ್ಕೆ, ಹಳದಿ ಬಾಟಲಿಯದ್ದು ಇನ್ನೊಂದಕ್ಕೆ ಹಾಕುತ್ತಾರಲ್ಲ, ಅದು ಮಾನೋಕ್ಲೋನಲ್ ಆ್ಯಂಟಿಬಾಡಿ. ನೀಲಿಯಲ್ಲಿ ಗಂಟುಗಂಟಾದರೆ ಎ, ಹಳದಿಯಲ್ಲಿ ಆದರೆ ಬಿ, ಎರಡರಲ್ಲೂ ಆದರೆ ಎಬಿ, ಎರಡರಲ್ಲೂ ಆಗದಿದ್ದರೆ ಓ. ಪ್ರೆಗ್ನೆನ್ಸಿ ಕಿಟ್‌ನ ಗೆರೆಯೂ ಹೀಗೆಯೇ, ಗರ್ಭಿಣಿಯ ಮೂತ್ರದಲ್ಲಿರುವ ಎಚ್‌ಸಿಜಿ ಎಂಬ ಸಂಕೇತ ಪ್ರೋಟೀನನ್ನು ಆ್ಯಂಟಿಬಾಡಿ ಹಿಡಿದಾಗ ಮೂಡುವುದು. ಮೂತ್ರಕ್ಕೆ ಸಕ್ಕರೆ ಅಥವಾ ಟೂತ್‌ಪೇಸ್ಟ್ ಬೆರೆಸಿ ಮನೆಯಲ್ಲೇ ಬಸಿರು ಪತ್ತೆ ಮಾಡಿ ಎನ್ನುವ ವಿಡಿಯೋಗಳಲ್ಲಿ ಇಲ್ಲದಿರುವುದು ಇದೇ. ಸಕ್ಕರೆಗೆ ಎಚ್‌ಸಿಜಿ ಗೊತ್ತಿಲ್ಲ.

ನೊಬೆಲ್, ಮತ್ತು ಆಮೇಲೆ

1984ರಲ್ಲಿ ಮಿಲ್‌ಸ್ಟೈನ್, ಕೋಹ್ಲರ್ ಮತ್ತು ನೀಲ್ಸ್ ಯೆರ್ನೆ ಮೂವರಿಗೂ ವೈದ್ಯಕೀಯ ನೊಬೆಲ್ ಬಂತು. ಅರ್ಜೆಂಟೀನಾದಲ್ಲಿ ಆ ಹೊತ್ತಿಗೆ ಇನ್ನೊಂದು, ಇನ್ನೂ ಭೀಕರವಾದ ಸೈನಿಕ ಆಡಳಿತ ಮುಗಿದು ಚುನಾಯಿತ ಸರ್ಕಾರ ಬಂದಿತ್ತು. ಕೋಹ್ಲರ್ 1995ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅದೇ ವರ್ಷ ಮಿಲ್‌ಸ್ಟೈನ್ ನಿವೃತ್ತರಾದರೂ ಲ್ಯಾಬಿಗೆ ಬರುವುದನ್ನು ಬಿಡಲಿಲ್ಲ. ಮೊದಲ ದಿನದಿಂದ ಹಿಡಿದ ಪ್ರಶ್ನೆಯನ್ನೇ, ಇಷ್ಟೊಂದು ಬಗೆಯ ಆ್ಯಂಟಿಬಾಡಿ ಹೇಗೆ ಹುಟ್ಟುತ್ತದೆ ಎಂಬುದನ್ನೇ, ಕೊನೆಯವರೆಗೂ ಕೆದಕುತ್ತಿದ್ದರು. 2002ರ ಮಾರ್ಚ್ 24ರಂದು ಹೃದಯದ ಕಾಯಿಲೆಯಿಂದ ಕೇಂಬ್ರಿಜ್‌ನಲ್ಲಿ ತೀರಿಕೊಂಡಾಗ ವಯಸ್ಸು 74.

ಇಲಿಯ ಆ್ಯಂಟಿಬಾಡಿಯನ್ನು ಮನುಷ್ಯನಿಗೆ ಹೊಂದುವಂತೆ ತಿದ್ದುವ ಕೆಲಸ ಅದೇ ಪ್ರಯೋಗಾಲಯದ ಗ್ರೆಗ್ ವಿಂಟರ್ ಅವರಿಂದ 1986ರಲ್ಲಿ ಆಯಿತು. ಅವರಿಗೆ 2018ರಲ್ಲಿ ನೊಬೆಲ್ ಸಿಕ್ಕಿತು. ಹರ್-2 ಹಿಡಿಯುವ ಟ್ರಾಸ್ಟುಜುಮ್ಯಾಬ್ ಅಂಥ ತಿದ್ದಿದ ಆ್ಯಂಟಿಬಾಡಿ, ಅಮೆರಿಕದಲ್ಲಿ 1998ರಲ್ಲಿ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಅದರ ಹೋಲಿಕೆಯ ಔಷಧವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಅದಕ್ಕೂ ಮುಂಚೆ, 2006ರಲ್ಲಿ, ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ಕ್ಯೂಬಾದವರ ಜೊತೆ ಸೇರಿ ನಿಮೊಟುಜುಮ್ಯಾಬ್ ತಂದಿತ್ತು. ಅದು ಹಿಡಿಯುವುದು ಇಜಿಎಫ್‌ಆರ್ ಎಂಬ, ಹರ್-2ರ ಅಕ್ಕತಂಗಿಯಂಥ ಸಂಕೇತ ಪ್ರೋಟೀನನ್ನು. ಗುಟ್ಕಾ ಜಗಿಯುವ ನಮ್ಮ ಕಡೆ ಬಾಯಿ ಕ್ಯಾನ್ಸರ್ ಎಷ್ಟು ಸಾಮಾನ್ಯ ಎಂದು ಬೇರೆ ಹೇಳಬೇಕಿಲ್ಲ.

ಆ್ಯಂಟಿಬಾಡಿ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದನ್ನೂ ಹೇಳಬೇಕು. ಮಾರಾಟಕ್ಕಿರುವ ಸಂಶೋಧನಾ ಆ್ಯಂಟಿಬಾಡಿಗಳಲ್ಲಿ ಎಷ್ಟೋ, ಲೇಬಲ್ಲಿನಲ್ಲಿ ಬರೆದ ಪ್ರೋಟೀನನ್ನು ಬಿಟ್ಟು ಬೇರೇನನ್ನೋ ಹಿಡಿಯುತ್ತವೆ. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲೇ ಇದನ್ನು ಎತ್ತಿ, ಆ್ಯಂಟಿಬಾಡಿಗಳನ್ನು ಅವುಗಳ ಜೀನ್ ಸರಣಿಯ ಆಧಾರದ ಮೇಲೆಯೇ ಗುರುತಿಸಿ ಮಾರಬೇಕು ಎಂದು ಒತ್ತಾಯಿಸಿದರು. ಆಸ್ಪತ್ರೆಯ ಪರೀಕ್ಷೆಗೆ ಬಳಸುವವು ಹೆಚ್ಚು ಬಿಗಿಯಾದ ತಪಾಸಣೆ ದಾಟಿ ಬಂದಿರುತ್ತವೆ. ಆದರೂ ಒಳ್ಳೆಯ ಲ್ಯಾಬ್ ರೋಗಿಯ ಗಾಜಿನ ಜೊತೆಗೆ, ಹರ್-2 ಖಂಡಿತ ಇದೆ ಎಂದು ಗೊತ್ತಿರುವ ಇನ್ನೊಂದು ಚೂರನ್ನೂ ಇಟ್ಟು ಬಣ್ಣ ಹಾಕುತ್ತದೆ. ಅದು ಕಂದಾಗದಿದ್ದರೆ ಆ ದಿನದ ಪರೀಕ್ಷೆಯೇ ರದ್ದು.

ಬಯಾಪ್ಸಿಗೆ ಹೆದರಿರುವವರು ಮನೆಯಲ್ಲಿದ್ದರೆ, ಫಾರ್ವರ್ಡ್ ಬದಲು ಅವರಿಗೆ ತಿಳಿಸಬೇಕಾದ ಸಂಗತಿ ಇಷ್ಟು. ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಆಗಲಿ, ಬೆಂಗಳೂರಿನ ಕಿದ್ವಾಯಿಯಲ್ಲಿ ಆಗಲಿ, ಬಯಾಪ್ಸಿ ಮಾಡಿಸಿದ ಮೇಲೆ ರಿಪೋರ್ಟ್‌ನಲ್ಲಿ ಇಆರ್, ಪಿಆರ್, ಹರ್-2 ಮೂರಕ್ಕೂ ಫಲಿತಾಂಶ ಬರೆದಿದೆಯೇ ನೋಡಿ. ಹರ್-2 ಎದುರು 2+ ಎಂದಿದ್ದರೆ ಮುಂದಿನ ಪರೀಕ್ಷೆ ಯಾವಾಗ ಎಂದು ಡಾಕ್ಟರನ್ನು ಕೇಳಿ. ಇನ್ನೊಂದು ಆಸ್ಪತ್ರೆಗೆ ಹೋಗುವುದಾದರೆ ರಿಪೋರ್ಟಿನ ಜೊತೆ ಮೇಣದ ಬ್ಲಾಕನ್ನೂ ಕೇಳಿ ತೆಗೆದುಕೊಳ್ಳಿ. ಹೆಬ್ಬೆರಳಿನಷ್ಟು ಅಗಲದ ಆ ಬಿಳಿ ಅಚ್ಚು ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಉಳಿಯುತ್ತದೆ. ಅದರಿಂದ ಮತ್ತೊಂದು ಹಾಳೆ ಕತ್ತರಿಸಿ ಬಣ್ಣ ಹಾಕಿ ನೋಡಬಹುದು, ರೋಗಿಗೆ ಎರಡನೆಯ ಸಲ ಸೂಜಿ ಚುಚ್ಚಬೇಕಾಗಿಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.